ದೂರು ಕೇಳಲು ಕುದುರೆಯೇರಿ ಬರುತ್ತಿದ್ದ ದಿವಾನರು

ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಫೀಸಿನ ಕೊನೆಯ ದಿನಾಂಕ ಬದಲಾಗುತ್ತದೆ, ಪರೀಕ್ಷೆಯ ವೇಳಾಪಟ್ಟಿ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಸಹಾಯವಾಣಿಗಳ ಪಟ್ಟಿ. ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಎಲ್ಲಕ್ಕೂ 112. ಆಂಬುಲೆನ್ಸಿಗೆ ನಮಗೆಲ್ಲ ಬಾಯಿಪಾಠವಾಗಿರುವ 108 ಕೂಡ ಇದೆ. ಮಕ್ಕಳಿಗೆ 1098, ಮಹಿಳೆಯರಿಗೆ 181, ಆನ್‌ಲೈನಿನಲ್ಲಿ ಮೋಸಹೋಗಿ ದುಡ್ಡು ಕಳೆದುಕೊಂಡವರಿಗೆ 1930, ಮನಸ್ಸು ಕುಗ್ಗಿದವರಿಗೆ 14416. ಕರೆಂಟು ಹೋದರೆ 1912, ನೀರು ಬಾರದಿದ್ದರೆ 1916. ರಾಜ್ಯ ಸರ್ಕಾರದ ಯಾವ ಇಲಾಖೆಯ ಬಗ್ಗೆ ದೂರಿದ್ದರೂ 1902.

ಈ ಸಂಖ್ಯೆಗಳು ಯಾವುವೂ ಇಲ್ಲದಿದ್ದ ಕಾಲದಲ್ಲಿ ಬೆಂಗಳೂರಿನ ಜನ ತಮ್ಮ ಕಷ್ಟವನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದರು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಒಬ್ಬ ವ್ಯಕ್ತಿ ಸಿಗುತ್ತಾರೆ. ಅವರ ಹೆಸರು ನಮಗೆಲ್ಲ ಗೊತ್ತು, ಆದರೆ ಗೊತ್ತಿರುವುದು ಬೃಂದಾವನ ಉದ್ಯಾನದ ಕಾರಣಕ್ಕೆ ಮಾತ್ರ. ಅವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ, ಹದಿನೈದು ವರ್ಷ, ಮೈಸೂರು ಸಂಸ್ಥಾನದ ದಿವಾನರಾಗಿದ್ದವರು. ಸಂಸ್ಥಾನದ ದೂರುಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದ ಬಾಗಿಲು ಅವರದು.

ಮಿರ್ಜಾ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1883ರ ಅಕ್ಟೋಬರ್ 24ರಂದು. ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ಪಟ್ಟಣದವರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕುದುರೆಗಳನ್ನು ತಂದು ಮಾರಲು ಬೆಂಗಳೂರಿಗೆ ಬಂದವರು ಇಲ್ಲೇ ನೆಲೆಸಿದರು. ಕನ್ನಿಂಗ್‌ಹ್ಯಾಮ್ ರಸ್ತೆಯ ಹತ್ತಿರ ಇರುವ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದರು. ಹೀಗಾಗಿ ಹುಡುಗ ಮಿರ್ಜಾಗೆ ಒಂದು ಅಪರೂಪದ ಅವಕಾಶ ಸಿಕ್ಕಿತು. ಚಿಕ್ಕ ವಯಸ್ಸಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಾಠ ಹೇಳಲು ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ನೇಮಿಸಿದ್ದರು. ಮಹಾರಾಜರು ಒಬ್ಬರೇ ಕೂತು ಕಲಿಯಬಾರದೆಂದು ಕೆಲವು ಹುಡುಗರನ್ನು ಆ ತರಗತಿಗೆ ಸೇರಿಸಿಕೊಂಡರು. ಅವರಲ್ಲಿ ಮಿರ್ಜಾ ಒಬ್ಬರು. ಮಹಾರಾಜರಿಗಿಂತ ಕೆಲವೇ ತಿಂಗಳು ದೊಡ್ಡವರು. ಒಂದೇ ಬೆಂಚಿನ ಆ ಗೆಳೆತನ ನಾಲ್ವಡಿಯವರು ತೀರಿಕೊಳ್ಳುವವರೆಗೂ ಉಳಿಯಿತು.

ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ. ಅದಾದ ಮೇಲೆ ಸೇರಿದ ಮೊದಲ ಕೆಲಸ ಪೊಲೀಸ್ ಇಲಾಖೆಯದು. ದಿವಾನರೆಂದರೆ ಜರಿ ಪೇಟದ ಚಿತ್ರವೇ ಕಣ್ಣಮುಂದೆ ಬರುತ್ತದೆ, ಅವರು ಪೊಲೀಸ್ ಅಧಿಕಾರಿಯಾಗಿ ಶುರು ಮಾಡಿದ್ದನ್ನು ಹೆಚ್ಚು ಜನ ನೆನೆಯುವುದಿಲ್ಲ. ಅಲ್ಲಿಂದ 1908ರಲ್ಲಿ ಮಹಾರಾಜರ ಕಚೇರಿಗೆ ಬಂದರು. ಮುಂದೆ ಹುಜೂರ್ ಸೆಕ್ರೆಟರಿಯಾದರು, ಖಾಸಗಿ ಕಾರ್ಯದರ್ಶಿಯಾದರು. ಮಹಾರಾಜರು ಅವರಿಗೆ ಅಮೀನ್-ಉಲ್-ಮುಲ್ಕ್ ಎಂಬ ಬಿರುದು ಕೊಟ್ಟರು. ಅಮೀನ್ ಎಂದರೆ ನಂಬಿ ಒಪ್ಪಿಸಿದ್ದನ್ನು ಕಾಪಾಡುವವನು. ನಾಡಿನ ನಂಬಿಕಸ್ತ ಎಂದು ಕನ್ನಡದಲ್ಲಿ ಹೇಳಬಹುದು.

1926ರ ಮೇ ತಿಂಗಳಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವರು ದಿವಾನರಾದರು. ಆಗ ಸಂಸ್ಥಾನದಲ್ಲಿ ಎಂಟು ಜಿಲ್ಲೆಗಳು. ಇವತ್ತಿನ ಮುಖ್ಯಮಂತ್ರಿಗಳಿಗೂ ದಿವಾನರಿಗೂ ದೊಡ್ಡ ವ್ಯತ್ಯಾಸವಿದೆ. ದಿವಾನರನ್ನು ಜನ ಆರಿಸುವುದಿಲ್ಲ, ಮಹಾರಾಜರು ನೇಮಿಸುತ್ತಾರೆ. ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ ಎಂದು ಜನ ಹೆದರಿಸುವ ಹಾಗಿಲ್ಲ. ಕೇಳುವುದು ಬಿಡುವುದು ಅವರ ಗುಣಕ್ಕೆ ಬಿಟ್ಟದ್ದು.

ಮಿರ್ಜಾ ಅವರಿಗೆ ಕೇಳುವ ಗುಣವಿತ್ತು, ಅದಕ್ಕಿಂತ ಹೆಚ್ಚಾಗಿ ನೋಡುವ ಗುಣವಿತ್ತು. ಬೆಂಗಳೂರಿನಲ್ಲಿರುವಾಗ ಬೆಳಗಿನ ಹೊತ್ತು ಕುದುರೆಯೇರಿ ನಗರ ಸುತ್ತುವುದು ಅವರ ಅಭ್ಯಾಸ. ಕುದುರೆ ವ್ಯಾಪಾರಿಯ ಮೊಮ್ಮಗನಲ್ಲವೇ! ಕುದುರೆಯ ಮೇಲೆ ಕೂತವರಿಗೆ ಕಾಂಪೌಂಡಿನ ಆಚೆಗಿರುವುದೂ ಕಾಣುತ್ತದೆ, ನಿಧಾನವಾಗಿ ಹೋಗುವುದರಿಂದ ಮೋರಿಯೂ ಕಾಣುತ್ತದೆ. ಕಸದ ರಾಶಿ, ಒಣಗಿದ ಗಿಡ, ವಾಲಿದ ದೀಪದ ಕಂಬ ಇಂಥವು ಅವರ ಕಣ್ಣಿಗೆ ಬಿದ್ದರೆ ಅದೇ ದಿನ ಸಂಬಂಧಪಟ್ಟ ಅಧಿಕಾರಿಗೆ ಕರೆ ಹೋಗುತ್ತಿತ್ತು ಎಂದು ಹಳಬರು ಹೇಳುತ್ತಿದ್ದುದನ್ನು ಬೆಂಗಳೂರಿನ ಬಗ್ಗೆ ಬರೆದವರು ಅನೇಕರು ದಾಖಲಿಸಿದ್ದಾರೆ. ಜಿಲ್ಲೆಗಳ ಪ್ರವಾಸದಲ್ಲೂ ಇದೇ ಕ್ರಮ. ದಿವಾನರು ಬರುತ್ತಾರೆ ಎಂದರೆ ಅಮಲ್ದಾರರಿಗೆ ನಿದ್ದೆ ಬರುತ್ತಿರಲಿಲ್ಲವಂತೆ.

ದಿವಾನ, ಅಮಲ್ದಾರ, ಹುಜೂರ್, ಅರ್ಜಿ, ಜಮಾಬಂದಿ. ಈ ಪದಗಳನ್ನು ಕನ್ನಡದ ಹಳೆಯ ಕಡತಗಳಲ್ಲಿ ಓದುವಾಗ ಉರ್ದು ಮನೆಮಾತಿನ ನನ್ನಂಥವರಿಗೆ ಪರಿಚಿತರು ಎದುರಾದ ಹಾಗಾಗುತ್ತದೆ. ಕನ್ನಡದ ಫಿರ್ಯಾದಿಯೂ ನಮ್ಮ ಮನೆಯ ಫರಿಯಾದ್ ಪದವೂ ಒಂದೇ ಬೇರಿನವು. ಕೋರ್ಟಿನಲ್ಲಿ ಫಿರ್ಯಾದಿ ಎಂದರೆ ದೂರು ಕೊಟ್ಟವನು. ನಮ್ಮ ದಾದಿಯ ಬಾಯಲ್ಲಿ ಫರಿಯಾದ್ ಎಂದರೆ ಬೇರೆ ಯಾರೂ ಕೇಳದಿದ್ದಾಗ ಅಲ್ಲಾಹನ ಮುಂದೆ ಇಡುವ ಮೊರೆ. ಅದನ್ನು ಯಾರಾದರೂ ಕೇಳಿ ವಿಚಾರಿಸಿದರೆ ಅದಕ್ಕೆ ಸುನ್ವಾಯಿ ಎನ್ನುತ್ತಾರೆ. ಕಷ್ಟ ಹೇಳಿಕೊಳ್ಳುವುದು ಒಂದು, ಸುನ್ವಾಯಿ ಆಗುವುದು ಇನ್ನೊಂದು. ಇವೆರಡರ ನಡುವಿನ ದೂರವೇ ಮಿರ್ಜಾ ಅವರ ಜೀವನದ ಕತೆ ಎಂದು ನನಗೆ ಅನ್ನಿಸಿದೆ.

ಕುದುರೆಯ ಸುತ್ತಾಟವಲ್ಲದೆ ದೂರು ಕೇಳಲು ಒಂದು ಅಧಿಕೃತ ವ್ಯವಸ್ಥೆಯೂ ಮೈಸೂರಿನಲ್ಲಿತ್ತು. ಅದು ಪ್ರಜಾಪ್ರತಿನಿಧಿ ಸಭೆ. 1881ರಲ್ಲಿ ದಿವಾನ್ ರಂಗಾಚಾರ್ಲು ಇದನ್ನು ಶುರು ಮಾಡಿದ್ದರು. ದಸರಾ ಸಮಯದಲ್ಲಿ ಎಲ್ಲ ಜಿಲ್ಲೆಗಳ ಪ್ರತಿನಿಧಿಗಳು ಮೈಸೂರಿಗೆ ಬಂದು ಸೇರುತ್ತಿದ್ದರು. ಮುಂದೆ ಮಹಾರಾಜರ ಹುಟ್ಟುಹಬ್ಬದ ಸಮಯಕ್ಕೆ ಇನ್ನೊಂದು ಅಧಿವೇಶನವೂ ಸೇರಿಕೊಂಡಿತು. ಅಧ್ಯಕ್ಷತೆ ದಿವಾನರದು. ನಮ್ಮೂರಿಗೆ ಬಾವಿ ಬೇಕು, ಕೆರೆಯ ಕೋಡಿ ಒಡೆದಿದೆ, ಶಾಲೆಗೆ ಮೇಷ್ಟ್ರಿಲ್ಲ, ಕಂದಾಯ ಕಟ್ಟಲು ಈ ವರ್ಷ ಆಗುವುದಿಲ್ಲ ಎಂಬಂಥ ಕುಂದುಕೊರತೆಗಳನ್ನು ಪ್ರತಿನಿಧಿಗಳು ಎದ್ದು ನಿಂತು ಹೇಳುತ್ತಿದ್ದರು, ಸರ್ಕಾರ ಉತ್ತರ ಕೊಡಬೇಕಿತ್ತು. ಭಾರತದ ಬೇರೆ ಸಂಸ್ಥಾನಗಳಲ್ಲಿ ಅಷ್ಟು ಹಿಂದೆಯೇ ಇಂಥದ್ದು ಇರಲಿಲ್ಲ. ಇವತ್ತು 1902ಕ್ಕೆ ಫೋನು ಮಾಡಿ ಹೇಳುವ ವಿಷಯಗಳನ್ನು ನೋಡಿದರೆ ಪಟ್ಟಿ ಹೆಚ್ಚೇನೂ ಬದಲಾಗಿಲ್ಲ. ಆದರೆ ಆ ಸಭೆಗೆ ಮತ ಹಾಕುವ ಹಕ್ಕು ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ. ಜಮೀನಿಲ್ಲದ ಕೂಲಿಯವನ ಬಾವಿಯ ವಿಷಯವನ್ನು ಜಮೀನಿದ್ದವನು ನೆನಪಿಟ್ಟುಕೊಂಡು ಹೇಳಬೇಕಿತ್ತು. ಸಭೆ ಏನು ಹೇಳಿದರೂ ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕೆ ಇರಲಿಲ್ಲ.

ಇಷ್ಟಿದ್ದರೂ ಕೆಲಸ ಆದದ್ದು ಸುಳ್ಳಲ್ಲ. ನಮ್ಮ ಪಶ್ಚಿಮ ಬೆಂಗಳೂರಿಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1920ರ ದಶಕದಲ್ಲಿ ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ನೀರು ಬರುತ್ತಿತ್ತು. ಮಳೆ ಕೈಕೊಟ್ಟು ಕೆರೆ ಬತ್ತಿದಾಗ ಊರಿಗೆಲ್ಲ ನೀರಿನ ತತ್ವಾರ. ಇದಕ್ಕೆ ಪರಿಹಾರ ಹುಡುಕುವ ಕೆಲಸಕ್ಕೆ ವಿಶ್ವೇಶ್ವರಯ್ಯನವರ ಅನುಭವವನ್ನು ಬಳಸಿಕೊಂಡರು. ಅರ್ಕಾವತಿಗೆ ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯ ಹತ್ತಿರ ಅಣೆಕಟ್ಟು ಕಟ್ಟಿ 1933ರಲ್ಲಿ ನಗರಕ್ಕೆ ನೀರು ತಂದರು. ವಿಜಯನಗರಕ್ಕೂ ಬಸವೇಶ್ವರನಗರಕ್ಕೂ ನಡುವೆ ಹಾದುಹೋಗುವ ಮಾಗಡಿ ರಸ್ತೆಯಲ್ಲೇ ಮುಂದಕ್ಕೆ ಹೋದರೆ ಆ ಜಲಾಶಯದ ಕಡೆಗೆ ತಲುಪುತ್ತೇವೆ. ಆಗ ಈ ಬಡಾವಣೆಗಳು ಯಾವುವೂ ಇರಲಿಲ್ಲ. ಬಿನ್ನಿ ಮಿಲ್ಲು ದಾಟಿದರೆ ಹೊಲ, ತೋಪು, ಸಣ್ಣ ಸಣ್ಣ ಹಳ್ಳಿಗಳು. ರಾಜಾಜಿನಗರ ಹುಟ್ಟಿದ್ದೇ ಸ್ವಾತಂತ್ರ್ಯ ಬಂದ ಮೇಲೆ. ಮೈಸೂರಿಗೆ ಹೋಗುವಾಗ ದಿವಾನರು ಹಾದುಹೋಗುತ್ತಿದ್ದ ಕೆಂಗೇರಿ ಊರಿನಿಂದ ಹೊರಗಿನ ಬೇರೆಯೇ ಒಂದು ಊರು.

ಆ ಮೈಸೂರು ರಸ್ತೆಯ ಉದ್ದಕ್ಕೂ ಅವರ ಕಾಲದ ಗುರುತುಗಳಿವೆ. ಕೃಷ್ಣರಾಜಸಾಗರದ ನಾಲೆ ಮಂಡ್ಯಕ್ಕೆ ನೀರು ತಂದಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ, ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ, ಬಲ್ಬು ಮಾಡುವ ಮೈಸೂರು ಲ್ಯಾಂಪ್ಸ್, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಶುರು ಮಾಡಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್. ಖಾಸಗಿ ಬಂಡವಾಳವೂ ಸರ್ಕಾರದ ಹಣವೂ ಒಂದೇ ಕಂಪನಿಯಲ್ಲಿ ಸೇರುವುದನ್ನು ನಾವು ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಓದುತ್ತೇವೆ, ಅವರು ಅದನ್ನು ಮಾಡಿ ತೋರಿಸಿದ್ದರು. ಇದನ್ನೇ ಬರೆಯುತ್ತಾ ಹೋದರೆ ಈ ಸಂಚಿಕೆಯ ಪುಟಗಳು ಸಾಲುವುದಿಲ್ಲ. ನಾನು ಹೇಳಹೊರಟಿದ್ದು ದೂರಿನ ವಿಷಯ.

ಕುದುರೆಗೆ ಒಂದು ಗಡಿಯೂ ಇತ್ತು. ಆಗ ಬೆಂಗಳೂರು ಎರಡಾಗಿತ್ತು. ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಎಲ್ಲ ಮೈಸೂರು ಸಂಸ್ಥಾನದವು. ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು. ಇವತ್ತಿನ ಶಿವಾಜಿನಗರ, ಫ್ರೇಜರ್ ಟೌನ್‌ಗಳಲ್ಲಿ ಉರ್ದು ಮಾತಾಡುವ ಎಷ್ಟೋ ಕುಟುಂಬಗಳಿದ್ದವು. ಅಲ್ಲಿನ ಮೋರಿ ಕಟ್ಟಿಕೊಂಡರೆ ಬೆಂಗಳೂರಿನಲ್ಲೇ ಹುಟ್ಟಿದ, ಅವರ ಭಾಷೆಯನ್ನೇ ಬಲ್ಲ ದಿವಾನರು ಏನೂ ಮಾಡುವ ಹಾಗಿರಲಿಲ್ಲ. 1947ರಲ್ಲಿ ದಂಡು ಮೈಸೂರಿಗೆ ಮರಳಿ ಬಂದಾಗ ಮಿರ್ಜಾ ದಿವಾನರಾಗಿರಲಿಲ್ಲ. ಇದು ನಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ಮಾತನ್ನು ಇವತ್ತಿಗೂ ಜನ ಕೇಳುತ್ತಾರೆ. 112ರ ದೊಡ್ಡ ಲಾಭ ಇರುವುದೇ ಇಲ್ಲಿ. ಫೋನು ಮಾಡುವವನಿಗೆ ಯಾವ ಠಾಣೆ ಎಂದು ಗೊತ್ತಿರಬೇಕಾಗಿಲ್ಲ, ಗಡಿ ನೋಡಿಕೊಳ್ಳುವುದು ಆ ಕಡೆ ಕೂತವರ ಕೆಲಸ.

ಇನ್ನು ಆ ಕಾಲದಲ್ಲಿ ದೂರು ಕೇಳದೇ ಹೋದ ಪ್ರಸಂಗಗಳಿಗೆ ಬರೋಣ. ಮಿರ್ಜಾ ಅವರ ಮೇಲಿನ ಅಭಿಮಾನದಿಂದ ಬರೆಯುವವರು ಇವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ ಅಥವಾ ಬಿಡುತ್ತಾರೆ. ನಮ್ಮ ಸಮುದಾಯದವರು ಎಂಬ ಕಾರಣಕ್ಕೆ ನಾವು ಬಿಡುವುದು ಸರಿಯಲ್ಲ. ಲೆಡ್ಜರಿನಲ್ಲಿ ಎಡಗಡೆ ಮಾತ್ರ ಬರೆದರೆ ಅದು ಲೆಕ್ಕವಾಗುವುದಿಲ್ಲ.

ಮೊದಲನೆಯದು 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಡೆದದ್ದು. ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ಮೂರ್ತಿಯ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಅಸಮಾಧಾನವಾಯಿತು. ಮೇಷ್ಟ್ರು, ಶಿಕ್ಷಣ ಇಲಾಖೆ, ಪೊಲೀಸ್ ಯಾರಾದರೊಬ್ಬರು ಮೊದಲ ವಾರವೇ ಹುಡುಗರನ್ನು ಕೂರಿಸಿಕೊಂಡು ಮಾತಾಡಿದ್ದರೆ ಶಾಲೆಯ ಗೇಟಿನೊಳಗೇ ಮುಗಿಯಬಹುದಾಗಿದ್ದ ಮಾತು. ಅದು ಬೀದಿಗೆ ಬಂತು, ಬಂಧನಗಳಾದವು, ಕೊನೆಗೆ ಹಿಂದೂ ಮುಸ್ಲಿಂ ಗಲಭೆಯಾಯಿತು. ದಿವಾನರು ಮುಸ್ಲಿಮರಾದ್ದರಿಂದ ಅವರ ಮೇಲೆ ಪಕ್ಷಪಾತದ ಆರೋಪ ಬಂತು. ಸರ್ಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಮಾಡಿತು. ಸ್ವತಃ ದಿವಾನರಾಗಿದ್ದವರನ್ನೇ ಈಗಿನ ದಿವಾನರ ಆಡಳಿತ ತೂಗಿ ನೋಡಲು ಕೂರಿಸಿದ್ದು ಮೆಚ್ಚಬೇಕಾದ ಸಂಗತಿ. ಸಮಿತಿಯ ವರದಿ ಸರ್ಕಾರಕ್ಕೆ ಹಿತವಾಗಿರಲಿಲ್ಲ. ಈ ಗಲಭೆಯ ನಂತರ ಸರ್ಕಾರವನ್ನು ಟೀಕಿಸುವ ಪತ್ರಿಕೆಗಳ ಮೇಲೆ ನಿರ್ಬಂಧ ಬಿಗಿಯಾಯಿತು. ದೂರು ಹೇಳುವ ಒಂದು ಬಾಗಿಲನ್ನು ಸರ್ಕಾರವೇ ಅರ್ಧ ಮುಚ್ಚಿದಂತಾಯಿತು.

ಎರಡನೆಯದು ಇನ್ನೂ ಭಾರವಾದದ್ದು. 1938ರ ಏಪ್ರಿಲ್ ತಿಂಗಳು. ಮದ್ದೂರಿನ ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧವನ್ನು ಮುರಿದು ರಾಷ್ಟ್ರಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜಾತ್ರೆಯ ಸಮಯಕ್ಕೆ ಸೇರಿದ್ದ ಜನ ಧ್ವಜ ಸತ್ಯಾಗ್ರಹಕ್ಕೆ ನಿಂತರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕದಲ್ಲಿ ಸರ್ಕಾರದ್ದೊಂದು, ಕಾಂಗ್ರೆಸ್ಸಿನದ್ದೊಂದು. ಜಲಿಯನ್‌ವಾಲಾ ಬಾಗ್ ಹೆಸರಿನ ಜೊತೆ ಇಟ್ಟು ಜನ ಅದನ್ನು ಇವತ್ತಿಗೂ ನೆನೆಯುತ್ತಾರೆ. ಗುಂಡು ಹಾರಿಸಿದ್ದು ಮಿರ್ಜಾ ಅವರಲ್ಲ, ಆದರೆ ಆ ಪೊಲೀಸರು ಅವರ ಸರ್ಕಾರದವರು, ಆ ನಿಷೇಧದ ಆಜ್ಞೆ ಅವರ ಆಡಳಿತದ್ದು.

ಒಂದು ದೀಪದ ಕಂಬ ವಾಲಿದ್ದನ್ನು ಕುದುರೆಯ ಮೇಲಿಂದ ಗುರುತಿಸುತ್ತಿದ್ದ ಮನುಷ್ಯನಿಗೆ ಇಷ್ಟು ದೊಡ್ಡ ಕೂಗು ಏಕೆ ಕೇಳಲಿಲ್ಲ? ನನಗೆ ತೋಚಿದ ಉತ್ತರ ಇದು. ಕಂಬದ ದೂರು ಕೆಳಗಿನ ಅಧಿಕಾರಿಯ ಮೇಲಿನದು, ಅದನ್ನು ಕೇಳಿದರೆ ದಿವಾನರ ಕೀರ್ತಿ ಹೆಚ್ಚುತ್ತದೆ. ಜವಾಬ್ದಾರಿ ಸರ್ಕಾರ ಬೇಕು ಎಂಬ ದೂರು ದಿವಾನಗಿರಿಯ ಮೇಲಿನದೇ. ಯಾರ ಮೇಲೆ ದೂರಿದೆಯೋ ಅವರ ಹತ್ತಿರವೇ ಹೋಗಿ ಅದನ್ನು ಕೊಡಬೇಕು. ಎಷ್ಟು ಒಳ್ಳೆಯ ಆಡಳಿತಗಾರನಿಗೂ ಅದು ಕಿವಿಗೆ ಬೀಳುವುದು ಕಷ್ಟ. ಕರ್ನಾಟಕದಲ್ಲಿ 1984ರಲ್ಲಿ ಲೋಕಾಯುಕ್ತ ಕಾಯಿದೆ ಬಂದದ್ದು ಇದೇ ಕಾರಣಕ್ಕೆ. ಅಧಿಕಾರಿಯ ಮೇಲಿನ ದೂರನ್ನು ಆ ಅಧಿಕಾರಿಯ ಇಲಾಖೆಗೆ ಸೇರದವರು ಕೇಳಬೇಕು.

ವಿದುರಾಶ್ವತ್ಥದ ನಂತರ ನಡೆದದ್ದನ್ನೂ ಹೇಳಬೇಕು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಅವರು ಬಾಗಿಲು ಹಾಕಿಕೊಳ್ಳಲಿಲ್ಲ, ಎದುರು ಕೂತು ಮಾತಾಡಿದರು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ರಾಷ್ಟ್ರಧ್ವಜವನ್ನು ಸಂಸ್ಥಾನದ ಧ್ವಜದ ಜೊತೆ ಹಾರಿಸಬಹುದೆಂದಾಯಿತು, ಬಂಧಿತರು ಬಿಡುಗಡೆಯಾದರು. ಗುಂಡು ಹಾರಿದ್ದರ ಬಗ್ಗೆ ನ್ಯಾಯಮೂರ್ತಿ ವೇಪ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣೆಯಾಯಿತು. ಸುನ್ವಾಯಿ ಆಯಿತು, ಆದರೆ ಹೆಣಗಳು ಬಿದ್ದ ಮೇಲೆ.

ಅವರ ಕಾಲದ ಇನ್ನೊಂದು ಕಟ್ಟಡಕ್ಕೆ ನಮ್ಮ ಫಲಕದ ಮೇಲಿನ ಒಂದು ಸಂಖ್ಯೆಯೊಡನೆ ನೇರ ಸಂಬಂಧವಿದೆ. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಮಾನಸಿಕ ರೋಗಿಗಳನ್ನು ಇಡುವ ಒಂದು ಆಸ್ಪತ್ರೆ ಇತ್ತು. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. ಅಲ್ಲಿಗೆ ಹೋದವರನ್ನು ಮನೆಯವರು ಮರೆಯುತ್ತಿದ್ದ ಕಾಲ. 1920ರ ದಶಕದಲ್ಲಿ ಅದರ ಹೆಸರು ಮೆಂಟಲ್ ಹಾಸ್ಪಿಟಲ್ ಎಂದು ಬದಲಾಯಿತು. ಮಿರ್ಜಾ ಅವರ ದಿವಾನಗಿರಿಯಲ್ಲಿ, 1930ರ ದಶಕದ ಕೊನೆಯ ಭಾಗದಲ್ಲಿ, ಅದು ಊರಿನ ಹೊರಗಿದ್ದ ಲಕ್ಕಸಂದ್ರದ ವಿಶಾಲವಾದ ಜಾಗಕ್ಕೆ ಬಂತು. ಅದರ ಯೋಜನೆಯ ಹಿಂದೆ ಇದ್ದವರು ಡಾಕ್ಟರ್ ಫ್ರಾಂಕ್ ನೊರೊನ್ಹಾ. ರೋಗಿಗಳಿಗೆ ಬೀಗ ಹಾಕಿ ಇಡುವ ಜಾಗವಾಗದೆ ಚಿಕಿತ್ಸೆಯ ಜಾಗವಾಗಬೇಕೆಂಬುದು ಅವರ ಉದ್ದೇಶ. ಇದೇ ಆಸ್ಪತ್ರೆ ಮುಂದೆ 1974ರಲ್ಲಿ ಇನ್ನೊಂದು ಸಂಸ್ಥೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಶುರು ಮಾಡಿದಾಗ ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರವಾದದ್ದು ಈ ನಿಮ್ಹಾನ್ಸ್. ಅದರ ಸಂಖ್ಯೆಯೇ 14416.

ಈ ಸಂಖ್ಯೆಯ ಬಗ್ಗೆ ಒಂದೆರಡು ಮಾತು ಹೆಚ್ಚು ಬರೆಯುತ್ತೇನೆ, ಏಕೆಂದರೆ ನಮ್ಮ ವಯಸ್ಸಿನವರಿಗೆ ಇದರ ಅಗತ್ಯ ಬೀಳುವುದು ಫಲಿತಾಂಶದ ವಾರದಲ್ಲಿ. ದಿನದ 24 ಗಂಟೆಯೂ ಕೆಲಸ ಮಾಡುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತಾಡುತ್ತಾರೆ, ಬೇಕೆನಿಸಿದರೆ ಮಾನಸಿಕ ತಜ್ಞರಿಗೆ ಜೋಡಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಇಂಥ ಮಾತನ್ನು ಹೇಳಿದರೆ ನಮಾಜ್ ಮಾಡು, ಸರಿಹೋಗುತ್ತದೆ ಎನ್ನುತ್ತಾರೆ, ಇನ್ನು ಕೆಲವು ಮನೆಗಳಲ್ಲಿ ದೇವಸ್ಥಾನಕ್ಕೆ ಹೋಗಿ ಬಾ ಎನ್ನುತ್ತಾರೆ. ಹಾಗೆ ಹೇಳುವುದು ಪ್ರೀತಿಯಿಂದಲೇ. ಆದರೆ ಜ್ವರ ಬಂದಾಗ ದುಆ ಕೂಡ ಮಾಡುತ್ತೇವೆ, ಡಾಕ್ಟರ ಹತ್ತಿರವೂ ಹೋಗುತ್ತೇವೆ. ಮನಸ್ಸಿಗೆ ಮಾತ್ರ ಬೇರೆ ನಿಯಮ ಏಕೆ?

ಮಿರ್ಜಾ ಅವರ ಕಾಲದಲ್ಲೇ ಜಗತ್ತು ಈ ದಾರಿಯಲ್ಲಿ ಹೆಜ್ಜೆ ಇಡಲು ಶುರು ಮಾಡಿತ್ತು. 1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಒಂದು ಮನೆಗೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಎದುರು ಮನೆಯವರು ಫೋನು ಮಾಡಿದ್ದರು, ಆದರೆ ಎಕ್ಸ್‌ಚೇಂಜಿನಲ್ಲಿ ಅವರ ಕರೆ ಬೇರೆ ಕರೆಗಳ ಹಿಂದೆ ಸರತಿಯಲ್ಲಿ ಕಾದಿತ್ತು. ಆ ಸಿಟ್ಟಿನಿಂದ ಹುಟ್ಟಿದ್ದು 1937ರ 999 ಎಂಬ ತುರ್ತು ಸಂಖ್ಯೆ. 1953ರಲ್ಲಿ ಅದೇ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ ಬದುಕು ಬೇಡವಾದವರ ಮಾತು ಕೇಳಲು ತಮ್ಮ ಚರ್ಚಿನಲ್ಲಿ ಒಂದು ಫೋನು ಇಟ್ಟರು. ದುಂಡುಮೇಜಿನ ಪರಿಷತ್ತುಗಳಿಗೆ ಹೋಗಿ ಬಂದ ಮಿರ್ಜಾ ಅವರಿಗೆ ಆ ನಗರ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಆಗ ಫೋನು ಇದ್ದದ್ದೇ ಕಚೇರಿಗಳಲ್ಲಿ, ಶ್ರೀಮಂತರ ಮನೆಗಳಲ್ಲಿ. ಸ್ವತಂತ್ರ ಭಾರತಕ್ಕೆ ಫೋನುಗಳನ್ನು ತಯಾರಿಸಲು ಐ.ಟಿ.ಐ. ಕಾರ್ಖಾನೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1948ರಲ್ಲಿ. ಕರ್ನಾಟಕಕ್ಕೆ 108 ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು, ಅದು ಬಂದದ್ದು 2008ರಲ್ಲಿ.

ಕುದುರೆಯ ಮೇಲಿನ ದಿವಾನರಿಗಿಂತ ಫೋನಿನ ಸಂಖ್ಯೆ ಮೇಲು ಎಂದು ನನಗೆ ಅನ್ನಿಸುವುದಕ್ಕೆ ಕಾರಣವಿದೆ. ಕುದುರೆ ಯಾವ ಬೀದಿಗೆ ಬರುತ್ತದೆ ಎಂಬುದು ಅದೃಷ್ಟ. ಬಂದಾಗ ನೀವು ಬಾಗಿಲಲ್ಲಿ ನಿಂತಿರಬೇಕು, ದಿವಾನರನ್ನು ತಡೆದು ಮಾತಾಡುವ ಧೈರ್ಯ ಇರಬೇಕು. ಪರದೆಯೊಳಗಿನ ಹೆಂಗಸರು, ಪೇಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಇವರಾರೂ ಆ ಬೆಳಗಿನಲ್ಲಿ ಎದುರಾಗುತ್ತಿರಲಿಲ್ಲ. 1098ನ್ನು ಒತ್ತುವ ಮಗುವಿಗೆ ಯಾರ ಪರಿಚಯವೂ ಬೇಡ.

ಆದರೂ ಕುದುರೆಯ ಪರವಾಗಿ ಒಂದು ಮಾತು ಉಳಿಯುತ್ತದೆ. ಹೋದ ವರ್ಷ ನಮ್ಮ ಮನೆಯಿಂದ ಒಂದು ದೂರು ಕೊಟ್ಟೆವು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಅಬ್ಬಾ ಫೋನು ಮಾಡಿದರು, ದೂರಿನ ಸಂಖ್ಯೆ ಬಂತು. ಮೂರನೆಯ ದಿನ ನಿಮ್ಮ ದೂರು ಪರಿಹಾರವಾಗಿದೆ ಎಂದು ಮೆಸೇಜೂ ಬಂತು. ಯಾರೂ ಬಂದು ನೋಡಿರಲಿಲ್ಲ. ಅಬ್ಬಾ ಮತ್ತೆ ಫೋನು ಮಾಡಿ, ಹಳೆಯ ಸಂಖ್ಯೆ ಹೇಳಿ, ಹೊಸ ಸಂಖ್ಯೆ ಪಡೆದರು. ಮೂರನೆಯ ಸಲಕ್ಕೆ ಒಬ್ಬರು ಬಂದು ನೋಡಿದರು, ಅರ್ಧ ಗಂಟೆಯಲ್ಲಿ ಕೆಲಸವಾಯಿತು. ಮಿರ್ಜಾ ಅವರ ಪದ್ಧತಿಯಲ್ಲಿ ಈ ಅರ್ಧ ಗಂಟೆಯೇ ಮೊದಲು ಬರುತ್ತಿತ್ತು. ನೋಡದೆ ಮುಗಿಸಿದ ದೂರು ಅವರ ಕಣ್ಣು ತಪ್ಪಿಸುವುದು ಕಷ್ಟ, ಏಕೆಂದರೆ ಮಾರನೆಯ ವಾರ ಅದೇ ರಸ್ತೆಯಲ್ಲಿ ಕುದುರೆ ಮತ್ತೆ ಬರುತ್ತದೆ.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಬಾಲ್ಯದ ಗೆಳೆಯನಿಲ್ಲದ ಅರಮನೆಯಲ್ಲಿ ಮಿರ್ಜಾ ಹೆಚ್ಚು ದಿನ ಉಳಿಯಲಿಲ್ಲ. 1941ರಲ್ಲಿ ರಾಜೀನಾಮೆ ಕೊಟ್ಟರು. 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾಗಿ ಹೋಗಿ ಅಲ್ಲೂ ಬೀದಿಗಳನ್ನು ಅಗಲ ಮಾಡಿಸಿದರು. ಜೈಪುರಕ್ಕೆ ಹೋದವರು ಎಂ.ಐ. ರೋಡಿನಲ್ಲಿ ಶಾಪಿಂಗ್ ಮಾಡಿರುತ್ತಾರೆ, ಆ ಎಂ.ಐ. ನಮ್ಮ ಮಿರ್ಜಾ ಇಸ್ಮಾಯಿಲ್ ಎಂದು ಅನೇಕರಿಗೆ ಗೊತ್ತಿಲ್ಲ.

1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡರು. ಇದು ಅವರ ಬದುಕಿನ ಕಷ್ಟದ ವರ್ಷ. ಜಿನ್ನಾ ಅವರಿಗೆ ಈ ನೇಮಕ ಇಷ್ಟವಿರಲಿಲ್ಲ. ಹೈದರಾಬಾದಿನ ಇತ್ತೆಹಾದ್ ಪಕ್ಷ ಅವರನ್ನು ಮೊದಲ ದಿನದಿಂದ ವಿರೋಧಿಸಿತು. ಭಾರತದ ಜೊತೆ ಮಾತುಕತೆಯಿಂದ ಹೊಂದಿಕೊಂಡು ಹೋಗುವುದೇ ಹೈದರಾಬಾದಿಗೆ ಒಳ್ಳೆಯದೆಂದು ಅವರು ನಂಬಿದ್ದರು. ಬೆಂಗಳೂರಿನಲ್ಲಿ ಮುಸ್ಲಿಂ ಪಕ್ಷಪಾತಿ ಎನ್ನಿಸಿಕೊಂಡವರು ಅಲ್ಲಿ ಮುಸ್ಲಿಮರ ಹಿತ ಕಾಯದವರು ಎನ್ನಿಸಿಕೊಂಡರು. ಈ ಸಲ ಕಿವಿ ಮುಚ್ಚಿಕೊಂಡದ್ದು ಎದುರಿನವರು. 1947ರ ಮೇ ತಿಂಗಳಲ್ಲಿ ಅವರು ಬಿಟ್ಟು ಬಂದರು. ಮುಂದಿನ ವರ್ಷ ಹೈದರಾಬಾದಿನಲ್ಲಿ ಏನಾಯಿತು ಎಂಬುದನ್ನು ಬೀದರ್, ಕಲಬುರಗಿ ಕಡೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ಅವರು ಪಾಕಿಸ್ತಾನಕ್ಕೆ ಹೋಗಲಿಲ್ಲ. ವಿಶ್ವಸಂಸ್ಥೆಯ ಪರವಾಗಿ ಸ್ವಲ್ಪ ಕಾಲ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿ ಬೆಂಗಳೂರಿಗೆ ಮರಳಿದರು. 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1959ರ ಜನವರಿ 5ರಂದು, ಹುಟ್ಟಿದ ಊರಿನಲ್ಲೇ, ತೀರಿಕೊಂಡರು. ಆ ಹೊತ್ತಿಗೆ ಮೈಸೂರು ಸಂಸ್ಥಾನ ಇರಲಿಲ್ಲ, ಪ್ರಜಾಪ್ರತಿನಿಧಿ ಸಭೆಯೂ ಇರಲಿಲ್ಲ. ಅವರ ಕಾಲದಲ್ಲಿ ಹೊಲವಾಗಿದ್ದ ರಾಜಾಜಿನಗರದಲ್ಲಿ ಮನೆಗಳೂ ಕಾರ್ಖಾನೆಗಳೂ ಎದ್ದಿದ್ದವು. ಆ ಮನೆಗಳ ನಲ್ಲಿಗಳಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬರುತ್ತಿತ್ತು. ಬಾರದ ದಿನ ಜನ ನೀರಿನ ಕಚೇರಿಯ ಮುಂದೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು.